ದಾನವಾಗಿ ಬಂದ ಪುಸ್ತಕವನ್ನೂ ಬೇಡವೆನ್ನಬಹುದು

ಅಭ್ಯಾಸ ಬೋಧನೆಗೆ ಹೋದ ಶಾಲೆಯ ಗ್ರಂಥಾಲಯದ ಬಗ್ಗೆ ವರದಿ ಬರೆಯುವಾಗ ನಾವು ಪ್ರಶಿಕ್ಷಣಾರ್ಥಿಗಳು ಮೊದಲು ಕೇಳುವುದು ಸಂಖ್ಯೆಯನ್ನು. ಒಟ್ಟು ಎಷ್ಟು ಪುಸ್ತಕ, ಅದರಲ್ಲಿ ದಾನಿಗಳು ಕೊಟ್ಟದ್ದು ಎಷ್ಟು. ನಾನು ಇಂಟರ್ನ್‌ಶಿಪ್ ಮಾಡಿದ್ದು ಮುಳಬಾಗಿಲು ತಾಲ್ಲೂಕಿನ ಗಡಿಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿನ ದಾಸ್ತಾನು ವಹಿಯಲ್ಲಿ ಸಂಖ್ಯೆ ಚೆನ್ನಾಗಿಯೇ ಇತ್ತು. ಬೀರು ತೆಗೆದರೆ ಹಳೆಯ ಪಠ್ಯಕ್ರಮದ ಗೈಡುಗಳು, ಬ್ಯಾಂಕ್ ಪರೀಕ್ಷೆಯ ಪ್ರಶ್ನೆಪುಸ್ತಕ, ದಪ್ಪ ಇಂಗ್ಲಿಷ್ ಕಾದಂಬರಿಗಳು, ಯಾರದೋ ಅಭಿನಂದನ ಗ್ರಂಥದ ಆರು ಪ್ರತಿಗಳು. ಮೂರನೇ ತರಗತಿಯ ಮಗು ತಾನಾಗಿ ಕೈಗೆತ್ತಿಕೊಳ್ಳಬಹುದಾದ ಪುಸ್ತಕಗಳು ಒಂದು ತಟ್ಟೆಯಲ್ಲಿ ಹಿಡಿಸುವಷ್ಟು.

ದಾನವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ಪತ್ರಿಕೆಗಳ ಜೊತೆಗೆ ಕಥೆಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದು ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ನಿಗದಿಯಾಗಿದೆ. ಮಕ್ಕಳು ನಿಜವಾಗಿ ಓದುವ ಶಾಲೆಯಲ್ಲಿ ಪುಸ್ತಕ ಹರಿಯುತ್ತದೆ, ಹರಿಯಲೇಬೇಕು; ಆ ಹಣ ಸಾಲದು. ಆದ್ದರಿಂದ ಊರಿನವರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕೇಳಬೇಕಾಗುತ್ತದೆ. ಕೇಳುವ ರೀತಿ ಬದಲಾಗಬೇಕು ಎಂಬುದಷ್ಟೇ ನನ್ನ ವಾದ. ‘ನಿಮಗೆ ಬೇಡವಾದ ಪುಸ್ತಕ ಕೊಡಿ’ ಎಂದರೆ ಬೇಡವಾದವೇ ಬರುತ್ತವೆ. ಬಿಸಿಯೂಟಕ್ಕೆ ಯಾರಾದರೂ ಬೇಳೆ ತಂದರೆ ಚೀಲ ಬಿಚ್ಚಿ ಹುಳ ಬಿದ್ದಿದೆಯೇ ಎಂದು ನೋಡುತ್ತೇವೆ. ಪುಸ್ತಕದ ಚೀಲ ಬಂದರೆ ಮಾತ್ರ ಶಾಲು ಹೊದಿಸಿ, ಫೋಟೊ ತೆಗೆದು, ಬೀರುವಿಗೆ ಸೇರಿಸಿ ಬೀಗ ಹಾಕುತ್ತೇವೆ. (ಆ ಬೀಗದ ಬಗ್ಗೆ ಇನ್ನೊಂದು ಲೇಖನವನ್ನೇ ಬರೆಯಬಹುದು.)

ನಾನು ಪಾಠ ಮಾಡಿದ ನಾಲ್ಕನೇ ತರಗತಿಯಲ್ಲಿ 23 ಮಕ್ಕಳು. ಹೆಚ್ಚಿನವರ ಮನೆಮಾತು ತೆಲುಗು, ಐವರದು ಉರ್ದು. ಬೀರುವಿನಲ್ಲಿ ಆ ಎರಡು ಭಾಷೆಗಳ ಒಂದು ಪುಸ್ತಕವೂ ಇರಲಿಲ್ಲ. ಇದ್ದ ಕಥೆಗಳಲ್ಲಾದರೂ ರಾಜಕುಮಾರಿಯರು, ಇಲ್ಲವೇ ಕಾರಿನಲ್ಲಿ ಆಫೀಸಿಗೆ ಹೋಗುವ ಅಪ್ಪಂದಿರು. ಟೊಮ್ಯಾಟೊ ಕೀಳಲು ಕೂಲಿಗೆ ಹೋಗುವ ಅಮ್ಮ ಯಾವ ಚಿತ್ರದಲ್ಲೂ ಇರಲಿಲ್ಲ.

ತೆಲುಗು ಪುಸ್ತಕದ ಮಾತೆತ್ತಿದಾಗ ಹಿರಿಯ ಶಿಕ್ಷಕಿಯೊಬ್ಬರು, “ಕನ್ನಡವೇ ಸರಿಯಾಗಿ ಓದಲ್ಲ, ಇನ್ನು ತೆಲುಗು ಯಾಕಮ್ಮಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮಕ್ಕಳಿಗೆ ತೆಲುಗು ಲಿಪಿ ಬಾರದು. ಆದರೆ ಪುಂಗನೂರು, ಪಲಮನೇರು ಕಡೆಯಿಂದ ಮದುವೆಯಾಗಿ ಬಂದ ತಾಯಂದಿರಿಗೆ ಬರುತ್ತದೆ. ಅವರಿಗೆ ಬಾರದಿರುವುದು ಕನ್ನಡ ಲಿಪಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಉಚಿತವಾಗಿ ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ನಾಲ್ಕು ಕಥೆಗಳನ್ನು ಕನ್ನಡ, ತೆಲುಗು ಎರಡರಲ್ಲೂ ಮುದ್ರಿಸಿ, ಜೋಡಿಯಾಗಿ ಹೊಲಿದು ಮನೆಗೆ ಕಳುಹಿಸಿದೆ. ತರಗತಿಯಲ್ಲಿ ಬಾಯಿಬಿಡದ ಒಬ್ಬ ಹುಡುಗಿ ಮೂರನೆಯ ದಿನ ಎದ್ದು ನಿಂತು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿದಳು. ಅಮ್ಮ ತೆಲುಗಿನದನ್ನು ಓದಿ ಹೇಳಿದ್ದಳಂತೆ, ಇವಳು ಕನ್ನಡದ ಪುಟದಲ್ಲಿ ಬೆರಳಿಟ್ಟು ಹಿಂಬಾಲಿಸಿದ್ದಳಂತೆ. ತೆಲುಗು ಪುಸ್ತಕ ಕನ್ನಡದ ಓದಿಗೆ ಅಡ್ಡ ಬರಲಿಲ್ಲ.

ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು 1931ರಲ್ಲೇ ಪ್ರಕಟವಾದವು. ಪ್ರತಿಯೊಬ್ಬ ಓದುಗನಿಗೂ ಅವನಿಗೊಪ್ಪುವ ಪುಸ್ತಕ ಸಿಗಬೇಕೆಂಬುದು ಅವುಗಳಲ್ಲಿ ಎರಡನೆಯದು. ಅವರೂ ನಮ್ಮ ಹಾಗೆ ಶಿಕ್ಷಕ ತರಬೇತಿ ಪಡೆದು, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಗಣಿತ ಕಲಿಸಿದವರು. ಈ ಸೂತ್ರ ಪಾಲಿಸಲು ಮೊದಲು ಓದುಗರು ಯಾರೆಂದು ತಿಳಿದಿರಬೇಕು. ಅದಕ್ಕೇ ಪಟ್ಟಿ: ಪ್ರತಿ ಮಗುವಿನ ಮನೆಮಾತು, ಓದಿನ ಮಟ್ಟ, ಮನೆಯಲ್ಲಿ ಓದಬಲ್ಲವರು ಯಾರು, ಕಣ್ಣಿನ ತೊಂದರೆಯಿರುವ ಮಗುವಿಗೆ ದೊಡ್ಡಕ್ಷರದ ಪುಸ್ತಕ ಬೇಕೇ. ಅದರಿಂದ ಹುಟ್ಟುವ ಎರಡನೆಯ ಪಟ್ಟಿಯಲ್ಲಿ ಪುಸ್ತಕದ ಹೆಸರು, ಬೆಲೆ, ಸಿಗುವ ಅಂಗಡಿ. ದಾನಿಯ ಕೈಗೆ ಕೊಡಬೇಕಾದದ್ದು ಇದನ್ನು.

“ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ, ಮುಂದೆ ಬೆಂಚಿಗೂ ಫ್ಯಾನಿಗೂ ಅವರನ್ನೇ ಕೇಳಬೇಕಲ್ಲಮ್ಮ” ಎಂಬುದು ಮುಖ್ಯೋಪಾಧ್ಯಾಯರ ಆತಂಕ. ಆ ಸಂಕಟ ಎರಡು ತಿಂಗಳಿಗೆ ಬಂದು ಹೋಗುವ ನಮಗಿಲ್ಲ. ಆದರೂ ದೊಡ್ಡವರ ಪುಸ್ತಕ ತಂದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ದಾರಿ ತೋರಿಸಿ, ಜೊತೆಗೆ ನಮ್ಮ ಪಟ್ಟಿಯನ್ನೂ ಕೊಡಬಹುದು. ಹಾಗೆ ಪಟ್ಟಿ ಪಡೆದ ಹಳೆಯ ವಿದ್ಯಾರ್ಥಿಯೊಬ್ಬರು ಹನ್ನೊಂದು ಕನ್ನಡ ಚಿತ್ರಪುಸ್ತಕ ತಂದುಕೊಟ್ಟರು. ಮುಖಪುಟ ನೋಡಿ ತಾವೇ ಎರಡು ಓದಿ ಮುಗಿಸಿ ಹೋದರು.

ಪಟ್ಟಿಯ ಪ್ರತಿಯನ್ನು ಶಾಲೆಯಲ್ಲಿ ಬಿಟ್ಟು ಬಂದಿದ್ದೇನೆ. ಮುಂದಿನ ಬ್ಯಾಚಿನಿಂದ ಅಲ್ಲಿಗೆ ಹೋಗುವವರು ಮುಖ್ಯೋಪಾಧ್ಯಾಯರನ್ನು ಕೇಳಿ ಪಡೆಯಬಹುದು. ಉರ್ದು ಪುಸ್ತಕಗಳ ಸಾಲು ಇನ್ನೂ ಖಾಲಿ ಇದೆ.