ನೀರ ಮೇಲಿನ ಹೊಗೆ

ಮೊನ್ನೆ ಆಫೀಸಿನ ಪಾರ್ಟಿಯಲ್ಲಿ ಗೆಳೆಯನೊಬ್ಬ ಗಿಟಾರ್ ಹಿಡಿದು ಡೀಪ್ ಪರ್ಪಲ್‌ನವರ 'ಸ್ಮೋಕ್ ಆನ್ ದ ವಾಟರ್' ಶುರು ಮಾಡಿದ. ಗಿಟಾರ್ ಕಲಿಯೋ ಹುಡುಗರೆಲ್ಲ ಮೊದಲು ಬಾರಿಸೋದೇ ಅದನ್ನ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನಾನೂ ಅದನ್ನೇ ಬಾರಿಸಿ ರೂಮ್‌ಮೇಟ್ ಕೈಲಿ ಬೈಸಿಕೊಂಡವನು :-)

ಮುಗಿದ ಮೇಲೆ "ಕನ್ನಡದಲ್ಲೊಂದು ಹಾಡೋ" ಅಂದೆ. "ಕನ್ನಡಕ್ಕೆ ರಾಕ್ ಒಗ್ಗಲ್ಲ ಮಗಾ, ಆ ಫೀಲ್ ಬರಲ್ಲ" ಅಂದ. ಅಲ್ಲಿದ್ದ ಕನ್ನಡದವರೆಲ್ಲ ಹೌದೌದು ಅಂತ ತಲೆಯಾಡಿಸಿದರು. ಆಗ ಉತ್ತರ ಹೊಳೀಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಅಷ್ಟಕ್ಕೂ ಆ ಹಾಡಲ್ಲಿ ಏನಿದೆ ಗೊತ್ತಾ? 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರಿನ ಕ್ಯಾಸಿನೊದಲ್ಲಿ ಫ್ರಾಂಕ್ ಜಪ್ಪಾ ಕಾರ್ಯಕ್ರಮ ನಡೀತಿತ್ತು. ಯಾರೋ ಪ್ರೇಕ್ಷಕ ಫ್ಲೇರ್ ಗನ್ ಹಾರಿಸಿ ಕಟ್ಟಡಕ್ಕೇ ಬೆಂಕಿ ಬಿತ್ತು. ಅಲ್ಲೇ ಆಲ್ಬಂ ರೆಕಾರ್ಡ್ ಮಾಡಬೇಕು ಅಂತ ಬಂದಿದ್ದ ಡೀಪ್ ಪರ್ಪಲ್‌ನವರು ಜಿನೀವಾ ಸರೋವರದ ಮೇಲೆ ಹೊಗೆ ಹಬ್ಬೋದನ್ನ ನೋಡಿದರು. ಕಂಡದ್ದನ್ನ ಕಂಡ ಹಾಗೇ ಹಾಡು ಕಟ್ಟಿದರು. ಊರಿನ ಹೆಸರು, ಬೆಂಕಿ, ಹುಡುಗರನ್ನ ಹೊರಗೆ ಕರ್ಕೊಂಡು ಬಂದ ಕ್ಲೋಡ್ ನೋಬ್ಸ್, ಜಾಗ ಇಲ್ಲದೆ ತಾವು ಪರದಾಡಿದ್ದು, ಅಷ್ಟೇ ಅದರಲ್ಲಿರೋದು. 1972ರ ಆಲ್ಬಂನ ಈ ಹಾಡು ಸಿಂಗಲ್ ಆಗಿ ಬಂದದ್ದು 1973ರಲ್ಲಿ. ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು.

ನಡೆದದ್ದನ್ನ ಊರು-ಹೆಸರಿನ ಸಮೇತ ಹಾಡೋದಕ್ಕೆ ನಮ್ಮಲ್ಲಿ ಏನಂತಾರೆ? ಲಾವಣಿ ಅಂತಾರೆ ಕಣ್ರೀ! 1857ರ ಹಲಗಲಿ ಬೇಡರ ದಂಗೆ ಇವತ್ತಿಗೂ ಲಾವಣಿಯಾಗಿ ಉಳಿದಿದೆ. ರಘು ದೀಕ್ಷಿತ್ 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಷರೀಫರ ಪದಗಳಿಗೆ ಗಿಟಾರ್, ಡ್ರಮ್ ಸೇರಿಸಿ ಎಲ್ಲರನ್ನೂ ಕುಣಿಸಿದರು. ಭಾಷೆಗೆ ಒಗ್ಗಲ್ಲ ಅನ್ನೋದು ಬರೀ ನೆಪ.

ನಿಜವಾದ ಸಮಸ್ಯೆ ಬೇರೆ. ಸರೋವರದ ಮೇಲೆ ಹೊಗೆ ಬಂತು ಅಂತ ಅವರು ಹಾಡು ಕಟ್ಟಿದರು. ನಮ್ಮ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತಲ್ಲ! 2015ರಲ್ಲಿ ನೊರೆ ಹೊತ್ತಿ ಉರೀತು, 2017ರಲ್ಲಿ ಮತ್ತೆ, 2018ರ ಜನವರಿಯಲ್ಲಿ ಆರಿಸೋದಕ್ಕೆ ಸೈನಿಕರೇ ಬರಬೇಕಾಯ್ತು. ಕೆರೆ ಸುತ್ತ ಇರೋದೆಲ್ಲ ನಮ್ಮಂಥೋರ ಆಫೀಸುಗಳು. ನಾವೇನು ಮಾಡಿದ್ವಿ? ಕ್ಯಾಬಿನ ಗ್ಲಾಸು ಏರಿಸಿ, ಇಯರ್‌ಫೋನಲ್ಲಿ ಸ್ವಿಟ್ಜರ್ಲೆಂಡಿನ ಹೊಗೆ ಕೇಳಿದ್ವಿ.

ನಂದು ದೇವನಹಳ್ಳಿ ಕಡೆ. ಬೆಂಗಳೂರಿನ ಕೊಳಚೆ ನೀರನ್ನ ಎರಡೇ ಹಂತ ಶುದ್ಧ ಮಾಡಿ, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸ್ತಾರೆ. ಮೂರನೇ ಹಂತವೂ ಆಗಲಿ ಅಂತ ರೈತರು ಕೇಳ್ತಾನೇ ಇದಾರೆ. ಕೆರೆ ತುಂಬಿದೆ ಅಂತ ಅಪ್ಪನಿಗೆ ಖುಷಿ. ಅದನ್ನ ಕುಡೀಬಹುದಾ ಅಂತ ಕೇಳಿದರೆ ಮಾತಿಲ್ಲ. ಆ ಮೌನಕ್ಕಿಂತ ದೊಡ್ಡ ರಾಕ್ ಹಾಡು ಬೇಕೇನ್ರಪ್ಪಾ?

ಗೆಳೆಯಾ, ಫೀಲ್ ಇಲ್ಲದೆ ಇರೋದು ಕನ್ನಡಕ್ಕಲ್ಲ, ನಮಗೆ. ನಾನಂತೂ ನಾಲ್ಕು ಸಾಲು ಗೀಚಿದೀನಿ. ರಾಗ ಹಾಕೋರು ಯಾರಾದ್ರೂ ಇದೀರಾ?