ತಾಳಿಯೂ ಯಂತ್ರವೂ

ಬಸವಾಪಟ್ಟಣದ ಗೃಹಿಣಿಯೊಬ್ಬಳಿಗೆ ಬೆನ್ನುನೋವೆಂದಿಟ್ಟುಕೊಳ್ಳೋಣ. ಎಂ.ಆರ್.ಐ. ಮಾಡಿಸಬೇಕೆಂದು ವೈದ್ಯರು ಚೀಟಿ ಬರೆಯುವರು. ಬೆಳಗಿನ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಸರದಿಯಲ್ಲಿ ಕುಳಿತು, ಕೊನೆಗೆ ಒಳಗೆ ಹೋದಾಗ ಆಕೆಯ ಕಿವಿಗೆ ಬೀಳುವ ಮೊದಲ ಮಾತು “ತಾಳಿ ಬಿಚ್ಚಮ್ಮ, ಬೇಗ” ಎಂಬುದಾದರೆ? ಮುತ್ತೈದೆಯ ಕೊರಳು ಬರಿದಾಗಬಾರದೆಂದು ನಂಬಿ ಬಾಳಿದವಳಿಗೆ ಈ ಮಾತು ನೋವಿಗಿಂತ ದೊಡ್ಡ ಆಘಾತವು. ಕಾರಣ ಹೇಳುವವರು ಎಷ್ಟೋ ಕಡೆ ಇರುವುದಿಲ್ಲ.

ಆಜ್ಞೆಯು ತಪ್ಪೆಂದು ನಾವು ಹೇಳುವುದಿಲ್ಲ. ೧೮೯೫ನೆಯ ಇಸವಿ ಡಿಸೆಂಬರ್ ೨೨ರಂದು ಜರ್ಮನಿಯ ರಾಂಟ್ಜೆನ್ ಪಂಡಿತರು ತಮ್ಮ ಪತ್ನಿಯ ಕೈಯನ್ನು ಕ್ಷ-ಕಿರಣದಿಂದ ಚಿತ್ರಿಸಿದಾಗ, ಎಲುಬುಗಳೊಡನೆ ಆಕೆಯ ಬೆರಳಿನ ಉಂಗುರವೂ ಕಪ್ಪಾಗಿ ಮೂಡಿತು. ಲೋಹವು ಕಿರಣಕ್ಕೆ ಅಡ್ಡಬರುವುದು. ಅದರ ನೆರಳಿನಲ್ಲಿ ರೋಗದ ಗುರುತೇ ಮರೆಯಾಗಬಹುದು. ಎಂ.ಆರ್.ಐ.ಯಲ್ಲಿ ಕ್ಷ-ಕಿರಣವಿಲ್ಲ, ಪ್ರಬಲವಾದ ಅಯಸ್ಕಾಂತವಿದೆ. ಕಬ್ಬಿಣದ ವಸ್ತುವನ್ನು ಅದು ರಭಸದಿಂದ ಸೆಳೆಯುವುದು. ಇತರ ಲೋಹಗಳು ಕಾಯಬಹುದು, ಚಿತ್ರವನ್ನೂ ಕೆಡಿಸಬಹುದು. ಆದುದರಿಂದ ಆಭರಣಗಳನ್ನು ತೆಗೆಯತಕ್ಕದ್ದೇ ಸರಿ. ಆದರೆ ಇಷ್ಟನ್ನು ತಿಳಿಯುವ ಕನ್ನಡದಲ್ಲಿ ಹೇಳಲು ಒಂದು ನಿಮಿಷ ಸಾಕು. ಆ ನಿಮಿಷವನ್ನು ಕೊಡದಿರುವುದರ ಮೇಲೆಯೇ ನಮ್ಮ ಆಕ್ಷೇಪಣೆ.

ಹೊರಗೆ ಸಾಲುಗಟ್ಟಿದ ರೋಗಿಗಳ ನಡುವೆ ಮಾತಿಗೆ ಪುರಸತ್ತೆಲ್ಲಿ ಎಂದು ತಂತ್ರಜ್ಞರು ಕೇಳಬಹುದು. ಅವರ ಶ್ರಮವನ್ನು ನಾವು ಬಲ್ಲೆವು. ಆದರೆ ಅಂಜಿದ ರೋಗಿಯು ಅಲುಗುವನು. ಅಲುಗಿದರೆ ಚಿತ್ರವು ಮಸುಕಾಗುವುದು. ಮಸುಕಾದರೆ ಪುನಃ ತೆಗೆಯಬೇಕು. ಉಳಿಸಿದೆವೆಂದುಕೊಂಡ ನಿಮಿಷವು ಹೀಗೆ ಹತ್ತಾಗಿ ನಷ್ಟವಾಗುವುದು. ಯಂತ್ರವು ತಮಟೆಯಂತೆ ಸದ್ದು ಮಾಡುವುದೆಂದೂ, ಕೈಯಲ್ಲಿ ಕೊಟ್ಟ ರಬ್ಬರಿನ ಗುಂಡನ್ನು ಅದುಮಿದರೆ ಒಡನೆಯೇ ವಿಚಾರಿಸುವರೆಂದೂ ಮೊದಲೇ ಹೇಳಿದರೆ ಅರ್ಧ ಭಯವು ತೀರುವುದು.

ತಾಳಿಯ ವಿಷಯದಲ್ಲಿಯಾದರೋ ಪರಿಹಾರವು ನಮ್ಮ ಮನೆಗಳಲ್ಲಿಯೇ ಇದೆ. ತಾಳಿಯನ್ನು ದುರಸ್ತಿಗೆಂದು ಅಕ್ಕಸಾಲಿಗನಿಗೆ ಕೊಟ್ಟಾಗ ನಮ್ಮ ತಾಯಂದಿರು ಅರಿಶಿನದ ಕೊಂಬನ್ನು ನೂಲಿನ ದಾರದಲ್ಲಿ ಕಟ್ಟಿಕೊಳ್ಳುವುದುಂಟು. ಅದರಲ್ಲಿ ಲೋಹವಿಲ್ಲ, ಅಯಸ್ಕಾಂತಕ್ಕೆ ಅಂಜಬೇಕಾಗಿಲ್ಲ. ಬೇಕೆನ್ನುವವರಿಗಾಗಿ ಇಂಥ ದಾರಗಳನ್ನು ಪ್ರತಿ ಚಿತ್ರಾಲಯವೂ ಇಟ್ಟುಕೊಳ್ಳಬಾರದೇಕೆ? ಬಟ್ಟೆ ಬದಲಿಸಲು ಮರೆಯೂ, ಹೆಂಗಸರ ಬಳಿ ಹೆಂಗಸೊಬ್ಬಳೂ ಇರಬೇಕು. ಕ್ಷ-ಕಿರಣಕ್ಕೆ ಮುನ್ನ ಗರ್ಭಿಣಿಯೇ ಎಂದು ಕೇಳುವುದು ಅವಶ್ಯವು. ಅದನ್ನು ಹತ್ತು ಜನರೆದುರಿಗೆ ಕೂಗಿ ಕೇಳುವುದು ಅವಶ್ಯವಲ್ಲ.

ಇದಕ್ಕೆ ಹೊಸ ಯಂತ್ರವಾಗಲಿ ಹೊಸ ಕಾಯಿದೆಯಾಗಲಿ ಬೇಡ. ಚೀಟಿ ಬರೆಯುವ ವೈದ್ಯರೇ “ಒಡವೆಗಳನ್ನು ಮನೆಯಲ್ಲಿಟ್ಟು ಬನ್ನಿ, ಕಾರಣ ಇದು” ಎಂದರೆ ಕೆಲಸವು ಅರ್ಧ ಮುಗಿಯಿತು. ಉಳಿದರ್ಧಕ್ಕೆ ಪ್ರತಿಯೊಂದು ಚಿತ್ರಾಲಯದ ಬಾಗಿಲಿಗೂ ಸುಲಭವಾದ ಕನ್ನಡದಲ್ಲಿ ಒಂದು ಹಲಗೆಯನ್ನು ತೂಗಹಾಕಿಸುವಂತೆ ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ಬಿನ್ನವಿಸುತ್ತೇವೆ. ಓದಲು ಬಾರದವರಿಗೆ ಅದನ್ನು ಓದಿ ಹೇಳುವ ಬಾಯಿಯೂ ಅಲ್ಲಿರಲಿ.