ಒಬ್ಬರ ಹಿಂದೊಬ್ಬರು ಹಾಡುವಾಗ

ಹಾಡು ಒಂದೇ. ಮೊದಲ ಗುಂಪು ಮೊದಲ ಸಾಲನ್ನು ಎರಡು ಸಲ ಹಾಡಿ ಮುಂದಕ್ಕೆ ಹೋದ ಕೂಡಲೇ ಎರಡನೆಯ ಗುಂಪು ಆರಂಭದಿಂದ ಎತ್ತಿಕೊಳ್ಳುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ‘ರೌಂಡ್’ ಎಂದು ಹೆಸರು. ನಮ್ಮ ಕಾನ್ವೆಂಟ್ ಮಕ್ಕಳು ‘ಆರ್ ಯು ಸ್ಲೀಪಿಂಗ್’ ಎಂದು ಹಾಡುವ ಫ್ರೆಂಚ್ ಗೀತೆ ‘ಫ್ರೇರ್ ಜಾಕ್’ ಇದೇ ಜಾತಿಯದು.

ಕಲಿಸುವಾಗ ಅವಸರ ಕೂಡದು. ಮೊದಲು ಇಡೀ ತರಗತಿ ಒಟ್ಟಿಗೆ ಹಾಡಲಿ. ಧಾಟಿ ಬಾಯಿಗೆ ಬಂದ ಮೇಲೆ ಶಿಕ್ಷಕಿ ಹಿಂದಿನಿಂದ ಸೇರಲಿ. ಆಮೇಲೆ ಎರಡು ಗುಂಪು. ದಾರಿ ತಪ್ಪುವ ಭಯಕ್ಕೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ಕಿರುಚುತ್ತಾರೆ. ಅಲ್ಲಿಗೆ ಹಾಡು ಹೋಗಿ ಜಗಳವಾಗುತ್ತದೆ.

ಇದಕ್ಕೆ ಮದ್ದು ಪಕ್ಕವಾದ್ಯ. ಹಾಡಿನ ಕೊನೆಯ ಸಾಲು ಗಂಟೆಯ ಸದ್ದು: ಷಡ್ಜ, ಕೆಳಗಿನ ಪಂಚಮ, ಮತ್ತೆ ಷಡ್ಜ. ಒಬ್ಬ ಹುಡುಗಿ ಹಾರ್ಮೋನಿಯಂನಲ್ಲಿ ಅದಷ್ಟನ್ನೇ ಉದ್ದಕ್ಕೂ ನುಡಿಸುತ್ತಿದ್ದರೆ ಎಲ್ಲರಿಗೂ ಶ್ರುತಿ, ಲಯ ಎರಡೂ ಸಿಕ್ಕವು. ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ 13ನೇ ಶತಮಾನದ ಹಸ್ತಪ್ರತಿಯೊಂದರಲ್ಲಿರುವ ರೌಂಡಿನಲ್ಲೂ ನಾಲ್ವರು ಮೇಲೆ ಹಾಡುವಾಗ ಕೆಳಗೆ ಇಬ್ಬರು ಒಂದೇ ತುಣುಕನ್ನು ತಿರುತಿರುಗಿ ಹಾಡುತ್ತಾರೆ.

ಆಸರೆ ಸಿಕ್ಕರೆ ಕಿವಿಯ ಮೇಲಿನ ಕೈ ತಾನಾಗಿ ಕೆಳಗಿಳಿಯುತ್ತದೆ. ತನ್ನ ಸಾಲು ಬಿಡದೆ ಪಕ್ಕದ ಗುಂಪಿನ ಸಾಲನ್ನೂ ಮಗು ಕೇಳತೊಡಗಿದ ದಿನ ಮೂರನೆಯ, ನಾಲ್ಕನೆಯ ಗುಂಪನ್ನು ಸೇರಿಸಬಹುದು.